ಎಡಗೈ ಗಂಟು

ಶಿವಗಂಗೆಯ ಬೆಟ್ಟ ಕಾಣುವ ಹಾಗೆ ಕಿಟಕಿ ಇಟ್ಟು ಕಟ್ಟಿದ ಆ ತೋಟದ ಮನೆಯಲ್ಲಿ ಹನ್ನೊಂದು ಜನ ಸಂಶೋಧಕರು ಐದು ದಿನ ಬಾಯಿ ಮುಚ್ಚಿಕೊಂಡು ಬರೆಯಬೇಕಿತ್ತು. ಬೆಟ್ಟ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ವರ್ಷಗಟ್ಟಲೆ ಬರೆಯದೆ ಕಾಲ ತಳ್ಳಿದವರನ್ನು ಒಂದು ಕಡೆ ಕೂಡಿಹಾಕಿ ಬರೆಸುವ ಈ ಶಿಬಿರವನ್ನು ನಡೆಸುತ್ತಿದ್ದವರು ನಿವೃತ್ತ ಪ್ರೊಫೆಸರ್ ಅಶ್ವತ್ಥಮ್ಮ. ಅವರ ಕಟ್ಟುಪಾಡು ಎರಡೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಲ್ಲರ ಫೋನೂ ಅವರ ಬೀರುವಿನಲ್ಲಿರಬೇಕು. ಮೂರನೆಯ ದಿನ ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರ ಕೈಗೆ ತಮ್ಮ ಒಂದು ಅಧ್ಯಾಯವನ್ನು ಓದಲು ಕೊಡಬೇಕು. ಮುಚ್ಚಿಟ್ಟ ಬರವಣಿಗೆ ಹುಳಿಯುತ್ತದೆ ಎನ್ನುವುದು ಆ ತಾಯಿಯ ನಂಬಿಕೆ.

ಮಾನಸ ಎತ್ತಿದ ಚೀಟಿಯಲ್ಲಿ ಚೌಡೇಶ್ ಎಂದಿತ್ತು. ಯಾವುದೋ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ, ಮಾತು ಕಡಿಮೆಯ ಮನುಷ್ಯ. ಅವಳು ನಗುನಗುತ್ತಲೇ ಮೂವತ್ತು ಪುಟಗಳನ್ನು ಅವನ ಕೈಗಿತ್ತಳು. ಅವನು ಮೊದಲ ಪುಟ ನೋಡಿ, "ಓ, ಪವರ್‌ಲೂಮ್ ಹೆಂಗಸರ ಬಗ್ಗೆನಾ? ನಿಮ್ದು ದೊಡ್ಬಳ್ಳಾಪುರ ಅಂದಿದ್ರಲ್ಲ, ನಮ್ದೂ ಅಲ್ಲೇ. ಅಪ್ಪ ಸೀರೆ ವ್ಯಾಪಾರ ಮಾಡ್ತಾರೆ" ಎಂದ. ಊರಿನವರೊಬ್ಬರು ಸಿಕ್ಕಿದರಲ್ಲ ಎಂದು ಖುಷಿಪಡಬೇಕಾದ ಮಾತು. ಮಾನಸಳಿಗೆ ಆ ಪುಟಗಳನ್ನು ಅಲ್ಲೇ ವಾಪಸ್ ಕಿತ್ತುಕೊಳ್ಳಬೇಕೆನಿಸಿತು.

ಅವಳು ನೇಕಾರರ ಮನೆಯ ಮಗಳು. ತಾಯಿ ಪಾಪಮ್ಮ ಇಪ್ಪತ್ತಾರು ವರ್ಷದಿಂದ ಬಚ್ಚಪ್ಪನ ಶೆಡ್ಡಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಾಳೆ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಬರುತ್ತಾಳೆ. ಹೋದ ವರ್ಷ ಅದೇ ಶೆಡ್ಡಿನಲ್ಲಿ ಸಿಂಚನ ಎಂಬ ಹತ್ತೊಂಬತ್ತರ ಹುಡುಗಿಯ ಎರಡು ಬೆರಳು ಮಗ್ಗಕ್ಕೆ ಸಿಕ್ಕಿ ಹೋದವು. ಮನೆಯಲ್ಲಿ ಗ್ರೈಂಡರಿಗೆ ಕೈ ಕೊಟ್ಟಳು ಎಂದು ಆಸ್ಪತ್ರೆಯಲ್ಲಿ ಹೇಳುವಂತೆ ಬಚ್ಚಪ್ಪ ಎಲ್ಲರಿಗೂ ತಾಕೀತು ಮಾಡಿದ. ಎಲ್ಲರೂ ಹಾಗೇ ಹೇಳಿದರು. ಪಾಪಮ್ಮನನ್ನು ಕೇಳಿದರೆ, "ನಂಗ್ಯಾಕಮ್ಮ ಅದೆಲ್ಲ, ನಾನು ಬುಟ್ಟಿ ಇಟ್ಟು ಬರೋಳು" ಎಂದು ಮುಖ ತಿರುಗಿಸಿದಳು.

ಮಾನಸಳಿಗೆ ನಿಜ ಹೇಳಿದವಳು ಭಾಗ್ಯಮ್ಮ ಒಬ್ಬಳೇ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇರುವವಳು. ಕೋಣೆಯೂ ಬಚ್ಚಪ್ಪನದೇ. ಅವಳು ಬಾಯಿ ಬಿಟ್ಟಳೆಂದು ಗೊತ್ತಾದರೆ ಕೆಲಸ, ಕೋಣೆ ಎರಡೂ ಒಟ್ಟಿಗೆ ಹೋಗುತ್ತವೆ. ಊರಿನ ಬೇರೆ ಮಾಲೀಕರೂ ಅಂಥವಳನ್ನು ಹೊಸಿಲು ತುಳಿಯಗೊಡುವುದಿಲ್ಲ. "ನಿಮ್ಮ ಹೆಸರು ಎಲ್ಲೂ ಬರಲ್ಲ ಅಕ್ಕ" ಎಂದು ಮಾನಸ ಅವಳ ಕೈ ಹಿಡಿದು ಮಾತು ಕೊಟ್ಟಿದ್ದಳು.

ಕೊಟ್ಟ ಮಾತನ್ನು ತಪ್ಪಿರಲೂ ಇಲ್ಲ. ಬೆರಳಿನ ವಿಷಯವೆಲ್ಲ ಇದ್ದ ಆ ಮೂವತ್ತು ಪುಟಗಳಲ್ಲಿ ಭಾಗ್ಯಮ್ಮ ಕಮಲ ಆಗಿದ್ದಳು. ಊರು, ಬೀದಿ ಯಾವುದೂ ಇರಲಿಲ್ಲ. ವಯಸ್ಸನ್ನೂ ನಾಲ್ಕು ವರ್ಷ ಹಿಂದಕ್ಕೆ ತಳ್ಳಿದ್ದಳು. ಆದರೂ ಜೀವ ತಡೆಯದೆ ತನ್ನ ಕೋಣೆಗೆ ಬಂದು ಅದೇ ಅಧ್ಯಾಯವನ್ನು ತೆರೆದು ಕೂತಳು. ಹದಿನಾಲ್ಕನೇ ಪುಟದ ಒಂದು ಸಾಲಿಗೆ ಬಂದು ನಿಂತಳು. "ಎಳೆ ಕಿತ್ತುಹೋದಾಗ ಕಮಲ ನಾಲಿಗೆಯ ಮೇಲೆ ಬೆರಳಾಡಿಸಿ ಎಡಗೈಯಲ್ಲೇ ಗಂಟು ಹಾಕುತ್ತಾಳೆ" ಎಂದು ತಾನೇ ಬರೆದಿದ್ದಳು. ಗೈಡು ಈ ಸಾಲನ್ನು ಮೆಚ್ಚಿ, ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ಅವರಿಗೇನು, ಅವರು ಮಗ್ಗ ಕಂಡವರಲ್ಲ. ಎಡಗೈ ಗಂಟು ಬಟ್ಟೆಯಲ್ಲಿ ತಿರುವುಮುರುವಾಗಿ ಕೂರುತ್ತದೆ. ದೊಡ್ಡಬಳ್ಳಾಪುರದ ಹಳೆಯ ವ್ಯಾಪಾರಿಗಳು ಸೀರೆಯ ಹಿಂಬದಿ ಸವರಿಯೇ ಇದು ಇಂಥವರ ಕೈ ಎಂದು ಹೇಳಿಬಿಡುತ್ತಾರೆ. ಬಚ್ಚಪ್ಪನ ಬೀದಿಯಲ್ಲಿ ಎಡಗೈಯಲ್ಲಿ ಗಂಟು ಹಾಕುವವಳು ಭಾಗ್ಯಮ್ಮ ಒಬ್ಬಳೇ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದ ಮಾನಸಳಿಗೆ ಇದು ಹೊಳೆಯದೆ ಹೋಯಿತು. ಒಳ್ಳೆಯ ಸಾಲು ಬರೆಯುವ ಹುಚ್ಚಿಗೆ ಬಿದ್ದವರ ಹಣೆಬರಹ ಇಷ್ಟೇ.

ವಾಪಸ್ ಕೇಳೋಣವೆಂದು ಎರಡು ಸಲ ಎದ್ದು ಎರಡು ಸಲ ಕೂತಳು. ಕೇಳಿದರೆ, ಗೊತ್ತಿಲ್ಲದವನಿಗೂ ಅಲ್ಲೇನೋ ಇದೆ ಎಂದು ತೋರಿಸಿಕೊಟ್ಟಂತೆ. ಸುಮ್ಮನಿರಲೂ ಆಗದು. ಮಧ್ಯಾಹ್ನದವರೆಗೆ ಒಂದಕ್ಷರ ಬರೆಯಲಾಗಲಿಲ್ಲ.

ಊಟಕ್ಕೆ ಚೌಡೇಶ್ ಎದುರಿಗೇ ಬಂದು ಕೂತ. ಮುದ್ದೆ ಮುರಿಯುತ್ತಾ, "ಹದಿನೈದು ಪುಟ ಓದ್ದೆ. ಚೆನ್ನಾಗ್ ಬರ್ದಿದೀರ. ನಿಮ್ಮನೆ ಯಾವ್ ಕಡೆ ಅಂದ್ರಿ?" ಎಂದ.

"ಹಳೇ ಬಸ್‌ಸ್ಟ್ಯಾಂಡ್ ಹತ್ರ" ಎಂದು ಮಾನಸ ಸುಳ್ಳು ಹೇಳಿದಳು.

"ಬಚ್ಚಪ್ಪನೋರ ಶೆಡ್ಡು ಗೊತ್ತಾ ನಿಮ್ಗೆ? ನಮ್ಮಂಗಡಿಗೆ ಅವ್ರದ್ದೇ ಮಾಲು ಜಾಸ್ತಿ ಬರೋದು."

ಕೇಳಿಸಲಿಲ್ಲವೆಂಬಂತೆ ಅವಳು ಸಾರಿನ ಬಟ್ಟಲಿಗೆ ಕೈ ಚಾಚಿದಳು. ಅವನು ಮತ್ತೆ ಕೇಳಲಿಲ್ಲ. ಊಟ ಮುಗಿಸಿ ನೇರ ಅಶ್ವತ್ಥಮ್ಮನ ಹತ್ತಿರ ಹೋಗಿ, "ಅಪ್ಪಂಗೊಂದು ಫೋನ್ ಮಾಡ್ಬೇಕು ಮೇಡಂ" ಎಂದು ಫೋನು ಈಸಿಕೊಂಡು ಹೊಂಗೆ ಮರದ ಕೆಳಗೆ ಹೋಗಿ ನಿಂತ. ಅವನ ತುಟಿ ಅಲ್ಲಾಡುವುದು ಮಾತ್ರ ಇಲ್ಲಿಗೆ ಕಾಣುತ್ತಿತ್ತು. ಇವನು ಅಪ್ಪನಿಗೆ ಹೇಳಿದ, ಅಪ್ಪ ಬಚ್ಚಪ್ಪನಿಗೆ ಹೇಳಿದ, ಸಂಜೆಯೊಳಗೆ ಭಾಗ್ಯಕ್ಕನ ಪಾತ್ರೆ ಪಗಡ ಬೀದಿಯಲ್ಲಿ. ಅವಳ ತಲೆಯಲ್ಲಿ ಇದೆಲ್ಲ ಆಗಲೇ ನಡೆದುಹೋಗಿತ್ತು.

ತುರ್ತು ಎಂದು ಬೇಡಿ ಅವಳೂ ಫೋನು ಪಡೆದಳು. "ಐದು ನಿಮಿಷ ಕಣಮ್ಮ, ಆಮೇಲೆ ಕೊಟ್ಬಿಡು" ಎಂದರು ಅಶ್ವತ್ಥಮ್ಮ. ಹಿತ್ತಲಿಗೆ ಓಡಿ ಭಾಗ್ಯಮ್ಮನ ನಂಬರು ಒತ್ತಿದಳು. ಆ ಕಡೆಯಿಂದ ಮಗ್ಗಗಳ ಭರಾಟೆಯ ನಡುವೆ ಒಂದು ಹೆಣ್ಣು ದನಿ, "ಹಾ, ಹೇಳು" ಎಂದು ಕೂಗಿತು.

"ಅಕ್ಕಾ, ಆ ಸಿಂಚನ ಬೆರಳಿನ ವಿಷ್ಯ ಯಾರಾದ್ರೂ ಬಂದು ಕೇಳಿದ್ರೆ ನಿಮಗೇನೂ ಗೊತ್ತಿಲ್ಲ ಅನ್ನಿ. ನಂಗೇನೂ ಹೇಳಿಲ್ಲ ಅನ್ನಿ. ಕೇಳಿಸ್ತಾ?" ಎಂದು ಮಾನಸ ಗಂಟಲು ಹರಿಯುವಂತೆ ಕೂಗಿದಳು.

ಆ ಕಡೆ ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ಸದ್ದು ತಗ್ಗಿದ ಮೇಲೆ ಅದೇ ದನಿ ನಿಧಾನವಾಗಿ, "ನಾನು ಪಿಳ್ಳಮ್ಮ ಕಣಮ್ಮ. ಭಾಗ್ಯ ನೀರಿಗೆ ಹೋಗವ್ಳೆ. ಏನು ಹೇಳಿಲ್ಲ ಅನ್ಬೇಕು ಅವ್ಳು?" ಎಂದು ಕೇಳಿತು.

ಪಿಳ್ಳಮ್ಮ ಬಚ್ಚಪ್ಪನ ಹೆಂಡತಿ. ಮಾನಸ ಫೋನು ಕತ್ತರಿಸಿದಳು. ಕೆಲಸದ ಹೊತ್ತಿನಲ್ಲಿ ಹೆಂಗಸರ ಫೋನೆಲ್ಲ ಶೆಡ್ಡಿನ ಕಿಟಕಿಯ ಮೇಲೆ ಸಾಲಾಗಿ ಇರುತ್ತವೆ, ಯಾವುದು ಬಡಿದುಕೊಂಡರೂ ಹತ್ತಿರ ಇದ್ದವರು ಎತ್ತುತ್ತಾರೆ. ಇದನ್ನು ಅವಳೇ ಎರಡನೇ ಅಧ್ಯಾಯದಲ್ಲಿ ಬರೆದಿದ್ದಳು. ಬರೆದದ್ದು ಹೆದರಿಕೆಯಲ್ಲಿ ನೆನಪಿಗೆ ಬರಲಿಲ್ಲ. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

ಅವಳನ್ನು ಹುಡುಕಿಕೊಂಡು ಚೌಡೇಶ್ ಬಂದ. ಕೈಯಲ್ಲಿ ಹದಿನಾಲ್ಕನೇ ಪುಟವೊಂದೇ ಇತ್ತು. ಆ ಸಾಲಿನ ಮೇಲೆ ಪೆನ್ಸಿಲಿನಿಂದ ದಪ್ಪಗೆ ಅಡ್ಡಗೀಟು ಎಳೆದಿದ್ದ.

"ಇದನ್ನ ತೆಗ್ದುಬಿಡಿ. ನಮ್ಮಪ್ಪ ಓದಿದ್ರೆ ಯಾರು ಅಂತ ಅರ್ಧ ನಿಮಿಷದಲ್ಲಿ ಹೇಳ್ಬಿಡ್ತಿದ್ರು. ನಿಮ್ಗೂ ಶೆಡ್ಡು ಗೊತ್ತಿದ್ರೆ ಎಚ್ಚರಿಸೋಣ ಅಂತ ಊಟದಲ್ಲಿ ಬಾಯಿ ಬಿಟ್ಟೆ, ನೀವು ಆ ಕಡೆ ತಿರುಗಿದ್ರಿ. ನಾನಂತೂ ಇದನ್ನ ಓದೇ ಇಲ್ಲ ಅನ್ಕೊಳ್ಳಿ" ಎಂದ.

"ಮತ್ತೆ ಅಪ್ಪಂಗೆ ಫೋನು?"

"ಶುಗರ್ ಮಾತ್ರೆ ನೆನಪಿಸ್ತೀನಿ ದಿನಾ. ಇಲ್ದಿದ್ರೆ ನುಂಗಲ್ಲ ಅವ್ರು."

ಮಾನಸ ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಭಾಗ್ಯಮ್ಮನ ನಂಬರು. ಎತ್ತಿದರೆ ಆ ಕಡೆ ಮಗ್ಗದ ಸದ್ದೇ ಇಲ್ಲ. ಇಡೀ ಶೆಡ್ಡು ನಿಂತಿದೆ.

"ಮಾನಸಾ" ಎಂದಳು ಭಾಗ್ಯಮ್ಮ. ದನಿ ಸಣ್ಣಗಾಗಿತ್ತು. "ಇವ್ರೆಲ್ಲ ಕೇಳ್ತಾವ್ರೆ. ನಾನು ನಿಂಗೆ ಏನಾದ್ರೂ ಹೇಳಿದ್ನಾ ತಾಯಿ? ನೀನೇ ಹೇಳ್ಬಿಡು."

ಸ್ಪೀಕರ್ ಹಾಕಿ ಸುತ್ತ ನಿಂತಿದ್ದಾರೆಂದು ಮಾನಸಳಿಗೆ ಗೊತ್ತಾಯಿತು. ಬರೀ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಇನ್ನೊಂದು ಹೆಸರು ಕೊಡದೆ ಈ ಹೆಸರು ಬಿಡಿಸಿಕೊಳ್ಳುವ ದಾರಿಯಿಲ್ಲ. ದಿನಾ ಆ ಶೆಡ್ಡಿಗೆ ಹೋಗಿ ಬರುವವರಲ್ಲಿ, ಸ್ವಂತ ಸೂರು ಇರುವವಳು ಒಬ್ಬಳೇ. ಯೋಚನೆ ಮುಗಿಯುವ ಮೊದಲೇ ಮಾತು ಹೊರಗೆ ಬಿತ್ತು.

"ಅಕ್ಕ ಏನೂ ಹೇಳಿಲ್ಲ. ಹೇಳಿದ್ದು ನಮ್ಮಮ್ಮ. ಅಕ್ಕನ್ನ ಕೇಳಿದ್ರೆ ಅಮ್ಮನ ಹೆಸರು ಆಚೆ ಬಂದ್ಬಿಡುತ್ತೆ ಅಂತ ಹೆದ್ರಿ ಫೋನ್ ಮಾಡಿದ್ದೆ."

"ಪಾಪಮ್ಮನಾ?" ಎಂದ ಒಂದು ಗಂಡು ದನಿ ದೂರದಿಂದ ಕೇಳಿಸಿತು. ಬಚ್ಚಪ್ಪನದು. ಫೋನು ಕಟ್ಟಾಯಿತು.

ಚೌಡೇಶ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಮೊದ್ಲು ಅಮ್ಮಂಗೆ ಹೇಳಿ" ಎಂದ.

ಮಾನಸ ಮನೆಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತರೆ ಅಮ್ಮನಿಗೆ ಏನೂ ಕೇಳಿಸುವುದಿಲ್ಲ. ಶೆಡ್ಡಿನಿಂದ ಮನೆಗೆ ಆರೇ ಬಾಗಿಲು. ಅವಸರದಲ್ಲಿ ಒಂದು ಸಲ ಬೇರೆ ಯಾರಿಗೋ ಹೋಯಿತು. ಐದನೇ ಸಲಕ್ಕೆ ಪಾಪಮ್ಮ ಎತ್ತಿದಳು.

"ಏನಮ್ಮಾ ಈ ಹೊತ್ನಲ್ಲಿ? ಫೋನ್ ಕೊಡಕಿಲ್ಲ ಅಂದಿದ್ದೆ? ಉಂಡ್ಯಾ?"

"ಅಮ್ಮಾ, ನಾನು ಹೇಳೋದ್ ಕೇಳು, ಬಚ್ಚಪ್ಪನೋರ ಮನೆಯಿಂದ..."

"ಹೂಂ, ಅವ್ರೇ ಬಾಗ್ಲಿಗೆ ಬಂದವ್ರೆ, ಗಂಡ ಹೆಂಡ್ತಿ ಇಬ್ರೂ. ನಮ್ಮನೆಗೆ ಯಾವತ್ತೂ ಬಂದೋರಲ್ಲ. ತಡಿ, ಏನ್ ಸಮಾಚಾರ ಕೇಳ್ಬಿಟ್ ಬರ್ತೀನಿ, ಇಡ್ಬೇಡ."

"ಅಮ್ಮಾ, ಹೋಗ್ಬೇಡ" ಎಂದಳು ಮಾನಸ. ಅಷ್ಟರಲ್ಲಿ ಪಾಪಮ್ಮ ಫೋನನ್ನು ನೆಲದ ಮೇಲಿಟ್ಟು ಎದ್ದಿದ್ದಳು. ಚಾಪೆ ಬಿಚ್ಚಿ ಹಾಸಿದ ಸದ್ದು ಬಂತು. "ಬನ್ನಿ ಪಿಳ್ಳಕ್ಕ, ಒಳಗ್ ಬನ್ನಿ, ಕೂತ್ಕೊಳಿ" ಎಂದು ಅಮ್ಮ ಸಂತೋಷದಿಂದ ಕರೆಯುವುದು ಕೇಳಿಸಿತು.