ಮನೆ ಸಾಲು

ಬಾನಿಯ ನೀರಿಗೆ ಹುಳದ ಔಷಧಿ ಬಿದ್ದೊಡನೆ ಅದು ಹಾಲಿನಂತೆ ಬೆಳ್ಳಗಾಯಿತು. ಚಲುವಯ್ಯ ಬದನೆಕಾಯಿಗಳನ್ನು ಬುಟ್ಟಿ ಸಮೇತ ಅದ್ದಿ ಎತ್ತಿದ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ಮಗಳು ಪವಿತ್ರ ಸೆರಗನ್ನು ಮೂಗಿಗೆ ಹಿಡಿದಳು.

"ನೋಡವ್ವ, ಮದ್ವೆ ಎಣ್ಣಂಗೆ ಮಿಂಚ್ತವೆ! ನಾಳೆ ಬೂಕನಕೆರೆ ಸಂತೇಲಿ ಇವೇ ಮೊದ್ಲು ಖಾಲಿ."

ಹಿತ್ತಲಲ್ಲಿ ಎಂಟು ಸಾಲು ಬದನೆ. ಏಳು ಸಂತೆಗೆ, ಬಚ್ಚಲ ನೀರು ಹರಿಯುವ ಕೊನೆಯದು ಮನೆಗೆ. ಅದಕ್ಕೆ ಔಷಧಿ ಸೋಕಿಸುವಂತಿಲ್ಲ, ಒಲೆಯ ಬೂದಿ ಮಾತ್ರ. ಊರಲ್ಲಿ ತರಕಾರಿ ಹಾಕಿದವರೆಲ್ಲರ ಹಿತ್ತಲಲ್ಲೂ ಇಂಥದೊಂದು ಸಾಲಿತ್ತು. ಬಿ.ಎ. ಮುಗಿಸಿ ಮನೆಗೆ ಬಂದ ಈ ಬೇಸಿಗೆ ಆ ಸಾಲು ಪವಿತ್ರಳ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಎಲೆ ಮಗುಚಿ ಹುಳ ಆಯುತ್ತಿದ್ದಳು. ತೂತು ಬಿದ್ದ ಕಾಯಿಯ ಅರ್ಧ ಕತ್ತರಿಸಿ ಎಸೆದರೂ ಉಳಿದರ್ಧ ಬೆಣ್ಣೆಯ ಹಾಗೆ ಬೇಯುತ್ತಿತ್ತು.

ಅದ್ದಿದ ಕಾಯಿ ಆರಿ ಜಗಲಿಗೆ ಬರುವ ಹೊತ್ತಿಗೆ ಹಾಲಿನ ಕುಳ್ಳಮ್ಮ ಬಂದಳು. ಅವಳಿಗೆ ಎರಡು ಹಸು ಬಿಟ್ಟರೆ ಹಿತ್ತಲಿರಲಿಲ್ಲ.

"ತೊಟ್ಟು ನೀರು ಬೆರಸ್ನಿಲ್ಲ ಕಣವ್ವ, ನಿಂಗೇಂತ" ಎಂದು ಹಾಲು ಸುರಿದು, "ಚಲುವಣ್ಣ, ಸೊಸೆಗೆ ಎಂಟು ತಿಂಗ್ಳು. ಎಣ್ಗಾಯಿ ಬೇಕೂಂತ ಕುಂತವ್ಳೆ. ನಿಮ್ಮನೆ ಸಾಲಿಂದು ನಾಕು ಕೊಡು" ಎಂದಳು.

"ನಾಕ್ಯಾಕೆ, ಎಂಟು ಇಡ್ಕೊ" ಎಂದು ಚಲುವಯ್ಯ ಸಂತೆಯ ಬುಟ್ಟಿಯಿಂದಲೇ ಆರಿಸಿ ಅವಳ ಮಡಿಲಿಗೆ ಹಾಕಿದ.

"ಮನೆ ಸಾಲಿಂದೇ ತಾನೆ?"

"ಇನ್ನೇನು, ನಿಂಗೆ ಇಸ ಕೊಟ್ಟೇನಾ?"

ಇಬ್ಬರೂ ನಕ್ಕರು. ಕುಳ್ಳಮ್ಮ ಬೀದಿಗಿಳಿದ ಮೇಲೆ ಪವಿತ್ರ, "ಅಪ್ಪ..." ಎಂದಷ್ಟೇ ಅಂದಳು.

"ಆ ಸಾಲಲ್ಲಿರೋದೇ ಅತ್ತು ಕಾಯಿ. ನೀನು ತಿನ್ಬೇಡ್ವಾ?" ಅಪ್ಪನ ದನಿಯಲ್ಲಿ ಅಕ್ಕರೆಯಿತ್ತು.

ಪವಿತ್ರ ಹಿತ್ತಲಿಗೆ ಹೋಗಿ ಮನೆ ಸಾಲಿನ ಹತ್ತೂ ಕಾಯಿ ಕಿತ್ತಳು. ಓಣಿಯ ತಿರುವಿನಲ್ಲಿ ಕುಳ್ಳಮ್ಮನನ್ನು ತಡೆದು, ಅವಳ ಮಡಿಲಿಗೆ ಕೈ ಹಾಕಿ ಎಂಟನ್ನೂ ತೆಗೆದುಕೊಂಡಳು.

"ಅವು ಸಂತೆಗೆ ಅದ್ದಿದ್ದು. ಇವು ತಗೊ, ಅತ್ತೆ."

ಕುಳ್ಳಮ್ಮ ತೂತು ಬಿದ್ದ, ಬೂದಿ ಮೆತ್ತಿದ ಕಾಯಿಗಳನ್ನು ನೋಡಿದಳು. ಅವಳ ಮುಖ ಇಳಿದುಹೋಯಿತು.

"ನಾನು ಆಲ್ಗೆ ನೀರು ಬೆರಸ್ನಿಲ್ಲ ಕಣವ್ವ" ಎಂದಳು, ಮೆಲ್ಲಗೆ.

ಮಧ್ಯಾಹ್ನ ಒಲೆಯ ಮುಂದೆ ಪವಿತ್ರಳೇ ಕೂತಳು. ಅವ್ವ ಪುಟ್ಟತಾಯಮ್ಮ ಮುದ್ದೆ ಕಟ್ಟಿದಳು.

"ಏನ್ ಗಮ್ಮಂತದೆ!" ಚಲುವಯ್ಯ ಮುದ್ದೆ ಮುರಿದು, ಎಣ್ಣೆಗಾಯಿಯನ್ನು ಬೆರಳಲ್ಲಿ ಹೊರಳಿಸಿದ. ಇನ್ನೊಂದನ್ನೂ ಹೊರಳಿಸಿದ. "ಒಂದ್ರಲ್ಲೂ ತೂತಿಲ್ವಲ್ಲ. ಯಾವ ಸಾಲಿಂದವ್ವ?"

"ಕುಳ್ಳಮ್ಮತ್ತೆ ಮಡ್ಲಿಂದು."

ಪುಟ್ಟತಾಯಮ್ಮನ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಪವಿತ್ರ ತನ್ನ ತಟ್ಟೆ ಎಳೆದುಕೊಂಡು, ತುತ್ತು ಮುರಿದು, ಎಣ್ಣೆಗಾಯಿಗೆ ಅದ್ದಿ ಬಾಯಿಗೆ ಎತ್ತಿದಳು.

ಚಲುವಯ್ಯ ಅವಳ ಮಣಿಕಟ್ಟು ಹಿಡಿದ. ಬಿಗಿಯಾಗಿ ಹಿಡಿದ, ಬಿಡಲಿಲ್ಲ. ಸೋಪು ಹಾಕಿ ತೊಳೆದಿದ್ದರೂ ಅವನ ಬೆರಳುಗಳಲ್ಲಿ ಆ ಕೊಳೆತ ಬೆಳ್ಳುಳ್ಳಿಯ ವಾಸನೆ ಹಾಗೇ ಇತ್ತು. ಅವಳ ಕೈಯಿಂದ ಎಣ್ಣೆ ತೊಟ್ಟು ತೊಟ್ಟಾಗಿ ಅಪ್ಪನ ತಟ್ಟೆಗೆ ಬೀಳುತ್ತಿತ್ತು.