ಎರಡು ಮುಖದ ಬೀರು

ಕುಳ್ಳ, ಮೀಸೆ ಎಂಬ ಅಡ್ಡಹೆಸರಿನ ಗೆಳೆಯರಿಬ್ಬರು ಕುರ್ಚಿಗಳನ್ನು ಒಂದೊಂದಾಗಿ ಅಂಗಳಕ್ಕೆ ತರುತ್ತಿದ್ದರು. ಕೊಯ್ಲು ಮುಗಿದು ಚಳಿ ಹಿಡಿದಿತ್ತು. ರಸ್ತೆಯಾಚೆಯ ಹೊಲದಲ್ಲಿ ಮೆದೆ ಒಟ್ಟುವವರು ಆಗಲೇ ಕೆಲಸಕ್ಕಿಳಿದಿದ್ದರು. ಇಬ್ಬನಿಯಲ್ಲಿ ನೆಂದ ಹುಲ್ಲಿನ ಕಂತೆಗಳನ್ನು ಬಿಸಿಲಿಗೆ ಹರವಿ, ಒಣಗಿದವನ್ನಷ್ಟೇ ಮೇಲಕ್ಕೆ ಎಸೆಯುತ್ತಿದ್ದರು. ಬೇಲಿಯ ಹತ್ತಿರ ಬಡಗಿ ಶವಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಹೊಸ ಮರದ ವಾಸನೆ ಮನೆಯೊಳಗೂ ಬರುತ್ತಿತ್ತು. ಆ ಮನೆಗೆ ಅದು ಹೊಸ ವಾಸನೆ.

ತೀರಿಕೊಂಡವನನ್ನು ಊರೆಲ್ಲ ಲಾರಿಯಣ್ಣ ಎನ್ನುತ್ತಿತ್ತು. ಹರೆಯದಿಂದಲೂ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ದುಡಿದವನು. ಕುಳ್ಳ, ಮೀಸೆ ಅವನ ಜೊತೆಗಾರರು. ಮನೆ ಬದಲಿಸುವವರು ಹೊಸ ಮನೆಗೆ ಒಪ್ಪುವುದಿಲ್ಲವೆಂದು ಬಿಟ್ಟುಹೋದ ಹಳೆಯದನ್ನೆಲ್ಲ ಅವನು ತಂದು, ಧೂಳು ತೆಗೆದು, ಎಣ್ಣೆ ಉಜ್ಜಿ, ಜಾಗ ಹುಡುಕಿ ನಿಲ್ಲಿಸುತ್ತಿದ್ದ. ಬೆನ್ನಿಗೆ ಬಳ್ಳಿ ಕೆತ್ತಿದ ಬೆತ್ತದ ಕುರ್ಚಿ, ಡಾಕ್ಟರ ಮನೆಯ ಉದ್ದ ಬೆಂಚು, ಶಾಯಿ ಕುಡಿದ ಬರೆಯುವ ಮೇಜು, ಒಂದೇ ಕೈ ಉಳಿದ ಒರಗುಕುರ್ಚಿ. ಒಂದಕ್ಕೊಂದು ಜೋಡಿಯಿಲ್ಲದಿದ್ದರೂ ಒಟ್ಟಿಗೆ ನೋಡಿದರೆ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವರಂತೆ ಕಾಣುತ್ತಿದ್ದವು.

"ಆ ಒಂಟಿ ಕೈಯದನ್ನ ವಯಸ್ಸಾದವರಿಗೆ ಕೊಡ್ಬೇಡ," ಎಂದ ಮೀಸೆ. "ವಾಲಿದ್ರೆ ಬಿದ್ದೇ ಬಿಡ್ತಾರೆ."

"ನನಗೆ ಹೇಳ್ತೀಯಾ? ಎರಡು ಸಲ ಬಿದ್ದಿದೀನಿ. ಲಾರಿಯಣ್ಣ ಓಡಿ ಬಂದು ಮೊದಲು ಕುರ್ಚಿನ ಎತ್ತಿದ."

"ಮತ್ತೆ ನಿನ್ನ?"

"ನಾನೇ ಎದ್ದೆ."

ಇಬ್ಬರೂ ನಕ್ಕರು. ಒಳಗೆ ಮಂಚದ ಮೇಲೆ ಅವನು ಮಲಗಿರುವುದು ನೆನಪಾಗಿ ನಗು ಅಲ್ಲಿಗೇ ನಿಂತಿತು.

ಬಡಗಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದ. "ಪೆಟ್ಟಿಗೆ ಒಳಗೆ ಹೋಗಲ್ಲ. ಬೀರು ಅಡ್ಡ ಇದೆ."

ಮನೆಯೆಂದರೆ ಒಂದು ಉದ್ದನೆಯ ಕೋಣೆ, ಬದಿಯಲ್ಲೊಂದು ಅಡುಗೆಮನೆ. ಆ ಕೋಣೆಯ ನಟ್ಟನಡುವೆ ಆಳೆತ್ತರದ ಮರದ ಬೀರು ನಿಂತಿತ್ತು. ಅದರ ಬಾಗಿಲುಗಳಿದ್ದದ್ದು ಬೀದಿಯ ಕಡೆಗೆ. ಬೆನ್ನಿಗೆ ಮಂಚದ ಕಡೆ ತಿರುಗಿದ ನಿಲುವುಗನ್ನಡಿ. ಎರಡೂ ಪಕ್ಕದಲ್ಲಿ ಒಬ್ಬರು ಓರೆಯಾಗಿ ನುಸುಳುವಷ್ಟೇ ದಾರಿ.

"ಅವರನ್ನೇ ಹೊರಗೆ ಎತ್ಕೊಂಡು ಬಂದು ಅಂಗಳದಲ್ಲೇ ಪೆಟ್ಟಿಗೇಲಿ ಇಟ್ಟರಾಗಲ್ವಾ?" ಬಡಗಿ ಕೇಳಿದ.

"ಆ ಸಂದಿಯಲ್ಲಿ ಅವನನ್ನ ಓರೆ ಮಾಡಿ ತರೋದಾ?" ಮೀಸೆಯ ದನಿ ತಗ್ಗಿತು. "ಯಾರ ಮನೆ ಸಾಮಾನನ್ನೂ ಓರೆ ಮಾಡಿ ತಂದವನಲ್ಲ ಅವನು. ಬೀರು ಸರಿಸೋಣ."

ಅತ್ತು ಕಣ್ಣು ಊದಿಸಿಕೊಂಡಿದ್ದ ಆ ಮನೆಯ ಮಗಳು ತಲೆಯಾಡಿಸಿದಳು. "ಸರಿಸಿ ಮಾಮ. ಗೋಡೆಗೆ ಸರಿಸಿ ಅಂತ ಅಮ್ಮ ಮದುವೆ ಆದಾಗಿನಿಂದ ಹೇಳಿ ಹೇಳಿ ಬಾಯಿ ನೋಯಿಸ್ಕೊಂಡಿದಾಳೆ. ಇವತ್ತಾದ್ರೂ ಅವಳ ಮಾತು ನಡೀಲಿ."

"ಅವನ ತಲೆ ಮೇಲಿದ್ದ ಸಾಲ ಅದು," ಎಂದ ಕುಳ್ಳ. "ನಾವು ತೀರಿಸ್ತೀವಿ, ಅತ್ತಿಗೆ."

ಬೀರುವಿನ ಆಚೆ, ಮಂಚಕ್ಕೂ ಕನ್ನಡಿಗೂ ನಡುವಿನ ಸ್ಟೂಲಿನ ಮೇಲೆ ಲಾರಿಯಣ್ಣನ ಹೆಂಡತಿ ಬಾಚಣಿಗೆ ಹಿಡಿದು ಕೂತಿದ್ದಳು.

*

ಬೀರು ಬಂದದ್ದು ಲಾರಿಯಣ್ಣನ ಮದುವೆಯಾದ ಮೊದಲ ಚಳಿಗಾಲದಲ್ಲಿ. ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ್ದ ಟೀಚರಮ್ಮ ಒಬ್ಬರು, ಕೋಣೆಯನ್ನು ಎರಡು ಮಾಡಲೆಂದು ಅದನ್ನು ನಡುವೆ ನಿಲ್ಲಿಸಿ, ಬೆನ್ನಿಗೆ ಕನ್ನಡಿ ಹಾಕಿಸಿದ್ದರು. ಊರು ಬಿಡುವಾಗ ಅವನಿಗೇ ಕೊಟ್ಟುಬಿಟ್ಟರು. ಮೂವರು ಗೆಳೆಯರು ಹೊತ್ತು ತರುವಾಗ ಕತ್ತಲಾಗಿತ್ತು, ಹಸಿವು ಬೇರೆ. ಬಾಗಿಲು ದಾಟಿ ಕೋಣೆಯ ನಡುವೆ ಇಳಿಸಿ, "ಇವತ್ತು ಇಲ್ಲಿರಲಿ. ನಾಳೆ ಗೋಡೆಗೆ ಸರಿಸ್ತೀನಿ," ಎಂದಿದ್ದ.

ಅಂಗೈಯಷ್ಟು ಕನ್ನಡಿಯಲ್ಲೇ ಮುಖ ನೋಡಿಕೊಂಡು ಬೆಳೆದವಳು ಅವನ ಹೆಂಡತಿ. ಬೆಳಿಗ್ಗೆ ಎದ್ದವಳಿಗೆ ತಲೆಯಿಂದ ಪಾದದವರೆಗೆ ತಾನೇ ಎದುರು ನಿಂತದ್ದು ಕಂಡಿತು. ನಾಚಿಕೆಯಾಯಿತು, ಆದರೂ ಅಲ್ಲಿಂದ ಸರಿಯಲಿಲ್ಲ. ಆಚೆ ಬದಿಯಲ್ಲಿ ಅವನು ಅಂಗಿ ತೆಗೆದುಕೊಳ್ಳುವ ಸದ್ದು.

"ಆ ಕಡೆ ಬರ್ಲಾ?"

"ಬೇಡ. ಜಡೆ ಆಗಿಲ್ಲ."

ಅವನು ಕೆಲಸಕ್ಕೆ ತಡವಾದರೂ ಕಾದ. ಅವತ್ತು ಸಂಜೆ ಅವಳು ನೆನಪಿಸಿದಳು. "ನಾಳೆ," ಎಂದ. ಮರುದಿನವೂ ನಾಳೆಯೇ. ಬಂದ ನೆಂಟರೆಲ್ಲ ಬೀರುವಿಗೆ ಭುಜ ತಾಗಿಸಿಕೊಂಡು ಬೈಯತೊಡಗಿದ ಮೇಲೆ ಅವನಿಗೊಂದು ಸಬೂಬೂ ಸಿಕ್ಕಿತು. "ಎರಡು ಮುಖ ಇರೋದನ್ನ ಗೋಡೆಗೆ ಒತ್ತಿದ್ರೆ ಒಂದಕ್ಕೆ ಉಸಿರು ಕಟ್ಟುತ್ತೆ."

"ಊರವರ ಬೀರುಗಳನ್ನೆಲ್ಲ ಸರಿಸ್ತೀರಿ. ನಮ್ಮನೆದು ಏನು ನೆಟ್ಟ ಮರವೇ?" ಎಂದು ಅವಳು ಗೊಣಗುತ್ತಿದ್ದಳು. ಗೊಣಗುತ್ತಲೇ ಬಾಚಣಿಗೆ ಎತ್ತಿಕೊಂಡು ಕನ್ನಡಿಯ ಮುಂದೆ ಹೋಗುತ್ತಿದ್ದಳು.

*

ಕುಳ್ಳ ಬೀರುವಿನ ಒಂದು ಬದಿಗೆ ನಿಂತ, ಮೀಸೆ ಇನ್ನೊಂದಕ್ಕೆ. ಯಾವ ಮನೆಯ ಸಾಮಾನಾದರೂ ಸರಿ, ಎತ್ತುವ ಮೊದಲು ಮನೆಯವರನ್ನು ಒಂದು ಮಾತು ಕೇಳುವುದು ಲಾರಿಯಣ್ಣನ ಪದ್ಧತಿ. ಮೀಸೆ ಅದನ್ನೇ ಕೇಳಿದ.

"ಅತ್ತಿಗೆ, ಒಳಗೆ ಏನಾದ್ರೂ ಉಳಿದಿದೆಯಾ?"

ಅವಳು ಓರೆಯಾಗಿ ನುಸುಳಿ ಈಚೆ ಬಂದು ಬಾಗಿಲು ತೆರೆದಳು. ಅವನ ಅಂಗಿಗಳು ಮಡಿಸಿಟ್ಟಂತೆಯೇ ಇದ್ದವು, ಮೇಲಿನದು ನೀಲಿ. ಅದರ ಮೇಲೆ ಒಮ್ಮೆ ಕೈಯಾಡಿಸಿ ಬಾಗಿಲು ಮುಚ್ಚಿದಳು.

"ಬಟ್ಟೆ ಅಷ್ಟೆ. ಇರಲಿ, ಭಾರ ಆಗಲ್ಲ."

"ಯಾವ ಮುಖ ಗೋಡೆಗೆ?" ಕುಳ್ಳ ಕೇಳಿದ.

"ಕನ್ನಡಿ ತಾನೆ," ಮಗಳು ಹೇಳಿದಳು. "ಬಾಗಿಲು ಗೋಡೆಗೆ ಹೋದ್ರೆ ತೆಗೆಯೋದು ಹೇಗೆ? ಅಲ್ವೇನಮ್ಮ?"

ತಾಯಿ ಮತ್ತೆ ಆಚೆ ನುಸುಳಿದಳು. ಕನ್ನಡಿಯ ಚೌಕಟ್ಟಿಗೆ ಕೈ ಆನಿಸಿ ನಿಂತಳು. ಬೆಳಗಿನಿಂದ ಅವಳು ಮಂಚದ ಕಡೆ ನೇರವಾಗಿ ತಿರುಗಿರಲಿಲ್ಲ. ಈಗಲೂ ತಿರುಗಲಿಲ್ಲ. ಕನ್ನಡಿಯಲ್ಲಿ ತನ್ನ ಭುಜದ ಹಿಂದೆ ಅವನು ಮಲಗಿದ್ದ; ಗಲ್ಲದವರೆಗೆ ಹೊದಿಕೆ, ಬಾಚಿದ ಬಿಳಿಗೂದಲು. ರಾತ್ರಿಯೇ ಅವಳು ಬಾಚಿದ್ದಳು.

ಈಚೆ ಕಡೆ ಯಾರೂ ಅವಸರ ಮಾಡಲಿಲ್ಲ. ಮಗಳು ಮಾತ್ರ ಮೆಲ್ಲನೆ ಕರೆದಳು. "ಅಮ್ಮಾ, ನಿಂಗೆ ಬೇಡ ಅನ್ನಿಸಿದ್ರೆ ಹೇಳು."

*

ಎರಡನೆಯ ಮಗು ಉಳಿಯಲಿಲ್ಲ. ಆಮೇಲೆ ಅವಳು ಮಾತು ಬಿಟ್ಟಳು. ಗಂಡನ ಮುಖ ಕಂಡರೆ ಆ ಮಗುವಿನ ಹುಬ್ಬು ಕಾಣುತ್ತಿತ್ತು, ಕಣ್ಣು ತಪ್ಪಿಸುತ್ತಿದ್ದಳು. ಅವನು ಒತ್ತಾಯಿಸಲಿಲ್ಲ. ದಿನಾ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು ಸುಮ್ಮನೆ ಕೂತಿರುವಾಗ, ಬೀರುವಿನ ಆಚೆಯಿಂದ ಕೇಳುತ್ತಿದ್ದ.

"ನನ್ನ ನೀಲಿ ಅಂಗಿ ಎಲ್ಲಿ?"

ಉತ್ತರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಮತ್ತೆ ಮಾರನೆಯ ದಿನ ಅದೇ ಪ್ರಶ್ನೆ. ಹುಲ್ಲು ಒಟ್ಟುವ ಕಾಲಕ್ಕೆ ಶುರುವಾದದ್ದು, ಹೊಲದಲ್ಲಿ ಹೊಸ ಪೈರು ಕಾಣಿಸುವವರೆಗೂ ನಡೆಯಿತು. ಒಂದು ದಿನ ಅವಳಿಗೆ ರೇಗಿತು.

"ಕಣ್ಣ ಮುಂದೇ ಇದೆಯಲ್ರೀ."

ಆಚೆ ಕಡೆ ಬೀರುವಿನ ಬಾಗಿಲು ಮೆಲ್ಲನೆ ಮುಚ್ಚಿದ ಸದ್ದು. ಆಮೇಲೆ, "ಹೌದಲ್ಲ," ಎಂದ. ದನಿ ಒದ್ದೆಯಾಗಿತ್ತು.

ಮುಖ ನೋಡಿ ಆಡಲಾಗದ ಮಾತುಗಳನ್ನೆಲ್ಲ ಅವರು ಆಮೇಲೆ ಆಡಿದ್ದು ಹಾಗೆಯೇ, ಬೀರುವಿನ ಆಚೆ ಒಬ್ಬರು, ಈಚೆ ಒಬ್ಬರು. ಕಡೆಯ ದಿನಗಳಲ್ಲಿ ಅವನು ಮಂಚ ಹಿಡಿದ ಮೇಲೆ ಕನ್ನಡಿಯಲ್ಲೇ ಅವಳ ಕಣ್ಣು ಹುಡುಕಿ, "ನಾಳೆ ಸರಿಸ್ತೀನಿ," ಎನ್ನುತ್ತಿದ್ದ. "ಎದ್ದು ಕೂತ್ಕೊಳ್ಳಿ ಮೊದಲು," ಎನ್ನುತ್ತಿದ್ದಳು ಅವಳು.

*

"ಸರಿಸಿ," ಎಂದಳು ಚೌಕಟ್ಟಿನಿಂದ ಕೈ ತೆಗೆದು. "ಅವರು ನೆಟ್ಟಗೆ ಹೋಗಲಿ. ನಿಧಾನ, ನಿಮ್ಮ ಕಡೆಯ ಕಾಲು ಸಡಿಲ ಇದೆ."

ಬೀರು ಎದ್ದಿತು. ತಿರುಗುವಾಗ ಕನ್ನಡಿಯಲ್ಲಿ ಮಂಚ, ಕಿಟಕಿ, ಅಂಗಳದ ಕುರ್ಚಿಗಳು, ಹೊಲದ ಮೆದೆ ಒಂದರ ಹಿಂದೊಂದು ಹಾದುಹೋದವು. ಆಮೇಲೆ ಕನ್ನಡಿ ಗೋಡೆಗೆ ಮುಖ ಮಾಡಿತು. ನೆಲದಲ್ಲಿ ನಾಲ್ಕು ಕಾಲಿನ ಕುಳಿಗಳೂ, ಕಾಲಿಗೂ ಕಸಬರಿಗೆಗೂ ಸಿಗದೆ ಉಳಿದ ಒಂದು ಗಾಢ ಚೌಕವೂ ಉಳಿದವು. ಬಡಗಿ ಪೆಟ್ಟಿಗೆ ತಂದು ಮಂಚದ ಪಕ್ಕದಲ್ಲಿಳಿಸಿದ. ಆಗ ಅವಳು ತಿರುಗಿ ಗಂಡನನ್ನು ನೇರವಾಗಿ ನೋಡಿದಳು.

ಆ ಅಗಲವಾದ ದಾರಿಯಲ್ಲಿ ಅವನನ್ನು ಎಲ್ಲಿಯೂ ತಾಗಿಸದೆ ಹೊತ್ತುಕೊಂಡು ಹೋದರು.

ಸಂಜೆ ಮಣ್ಣು ಮಾಡಿ ಬಂದವರು ಕುರ್ಚಿಗಳನ್ನು ಒಳಗೆ ತಂದರು. ಯಾವುದು ಎಲ್ಲಿ ಎಂದು ಯಾರೂ ಕೇಳಬೇಕಾಗಲಿಲ್ಲ. ಒಂಟಿ ಕೈಯದು ಕಿಟಕಿಯ ಬಳಿಗೆ, ಬೆಂಚು ಬಾಗಿಲ ಪಕ್ಕಕ್ಕೆ. ಮೀಸೆ ಹೊರಡುವಾಗ ಹೊಸಿಲಲ್ಲಿ ನಿಂತ.

"ಅವನ ಸಾಲ ತೀರಿತಲ್ವಾ ಅತ್ತಿಗೆ?"

"ತೀರಿತಪ್ಪ," ಎಂದಳು. "ನಿಮ್ಮಿಬ್ಬರಿಗೂ ಸುಸ್ತಾಗಿದೆ. ಮನೆಗೆ ಹೋಗಿ ಏನಾದ್ರೂ ತಿನ್ನಿ."

ಮಗಳು ಬೆಂಚಿನ ಮೇಲೆ ಕೂತು ಕೋಣೆಯನ್ನೆಲ್ಲ ನೋಡಿದಳು. "ಎಷ್ಟು ವಿಶಾಲ ಆಯ್ತು ನೋಡಮ್ಮ."

"ಹೂಂ."

ಅವಳು ಒಂದು ಲೋಟ ನೀರು ಬಗ್ಗಿಸಿಕೊಂಡು ಮಂಚದ ಕಡೆ ಹೊರಟಳು. ಕೋಣೆಯ ನಡುವೆ ಬಂದಾಗ ಹೆಜ್ಜೆ ನಿಧಾನವಾಯಿತು. ಲೋಟ ಎಲ್ಲಿಯೂ ತಾಗದಂತೆ ಎದೆಗೆ ಹಿಡಿದು, ಎಡಭುಜ ಮುಂದೆ ಮಾಡಿ, ಉಸಿರು ಬಿಗಿಹಿಡಿದು, ಆ ಖಾಲಿ ಜಾಗದ ಪಕ್ಕದಲ್ಲಿ ಓರೆಯಾಗಿ ನುಸುಳಿ ಆಚೆ ಹೋದಳು.