ತಲೆಯಡಿಯ ಚಪ್ಪಲಿ

ಸರ್ರನೆ ಬಟ್ಟೆ ಸರಿದ ಸದ್ದಿಗೆ ಭಾಗ್ಯ ಕಣ್ಣು ಬಿಟ್ಟಳು. ಚಾಮರಾಜಪೇಟೆಯ ಅನಾಥ ಮಕ್ಕಳ ಮನೆಯ ಪಡಸಾಲೆಯಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಶಶಿ ತೆರೆದ ಶವಪೆಟ್ಟಿಗೆಯ ಮೇಲೆ ಬಗ್ಗಿದ್ದಳು. ಬೀದಿಯಿಂದ ಬಂದು ಇನ್ನೂ ತಿಂಗಳು ತುಂಬದ, ಯಾರೊಡನೆಯೂ ಬೆರೆಯದ ಹುಡುಗಿ. ಒಂದು ಕೈಯಲ್ಲಿ, ಆ ಮನೆ ನಡೆಸುತ್ತಿದ್ದ ಕಾವೇರಮ್ಮನವರ ತಲೆಯನ್ನು ಮೆಲ್ಲಗೆ ಎತ್ತಿ, ಅವರದೇ ಚಪ್ಪಲಿಗಳನ್ನು ದಿಂಬಿನಡಿ ಸೇರಿಸಿದಳು. ಸೆರಗು ಸರಿಮಾಡಿ ಚಾಪೆಗೆ ಮರಳಿದಳು.

ಭಾಗ್ಯ ಮಿಸುಕಲಿಲ್ಲ. ಫುಟ್‌ಪಾತಿನಲ್ಲಿ ಮಲಗುವ ಮಕ್ಕಳು ಚಪ್ಪಲಿಯನ್ನು ತಲೆಯಡಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಯಾರಾದರೂ ಕದ್ದಿರುತ್ತಾರೆ.

*

ಭಾಗ್ಯಳೂ ಹಾಗೆಯೇ ಬೀದಿಯಿಂದ ಬಂದವಳು. ತರಗುಪೇಟೆಯ ಗೋಣಿಚೀಲಗಳ ಸಂದಿಯಲ್ಲಿ ಮಲಗುತ್ತಿದ್ದವಳನ್ನು ಕಾವೇರಮ್ಮ ಕರೆತಂದಿದ್ದರು. ಮೊದಲ ರಾತ್ರಿ ದಿಂಬಿನಡಿ ಕೆಸರಿನ ಚಪ್ಪಲಿ ಕಂಡು ಗದರಲಿಲ್ಲ, ಹಳೇ ಟವಲಿನಲ್ಲಿ ಸುತ್ತಿಕೊಟ್ಟರು. ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿದರು.

"ನಾನು ಮಲ್ಕೊಂಡ್ರೆ ಯಾರ್ ಕಾಯ್ತಾರೆ?"

"ಯೇಸಪ್ಪ ಕಾಯ್ತಾನೆ ಕಣೇ. ನನ್ನನ್ನ ಮಾತ್ರ ನಂಬಬೇಡ, ನಾನು ಗೊರಕೆ ಹೊಡೆಯೋಳು."

ಭಾಗ್ಯ ನಕ್ಕಿದ್ದಳು, ನಗುತ್ತಲೇ ನಿದ್ದೆಹೋಗಿದ್ದಳು. ಆ ಮನೆಯಲ್ಲೇ ಬೆಳೆದು ಓದಿ ಈಗ ಟೀಚರಾಗಿದ್ದಳು.

*

"ಅಕ್ಕನ ಹೊಸ ಚಪ್ಪಲಿ ಎಲ್ಲಿ?"

ಬೆಳಿಗ್ಗೆ ಎನ್.ಆರ್. ಕಾಲೋನಿಯಿಂದ ಬಂದ ಕಾವೇರಮ್ಮನವರ ತಂಗಿ ಮಹಾನಂದ ಹುಡುಕಾಡುತ್ತಿದ್ದರು. ಹಣೆಯ ವಿಭೂತಿ ಬೆವರಿನಲ್ಲಿ ಕದಡಿತ್ತು. "ಮಂಡಿನೋವು ಅಂತಿದ್ಲು, ನಾನೇ ಕೊಡಿಸಿದ್ದೆ. ಕಾಲಿಗೆ ಹಾಕ್ಸಿ ಕಳಿಸೋಣ ಅಂದ್ರೆ..." ಅವರ ದೃಷ್ಟಿ ಶಶಿಯ ಮೇಲೆ ನಿಂತಿತು. "ಮಾರ್ಕೆಟ್ಟಿಂದ ಕರ್ಕೊಂಡ್ಬಂದ್ರೆ ಇನ್ನೇನಾಗತ್ತೆ? ಏಯ್, ಬ್ಯಾಗ್ ತೆಗಿ!"

ಶಶಿ ಬ್ಯಾಗನ್ನು ಎದೆಗವಚಿಕೊಂಡು ಗೇಟಿನತ್ತ ಹಿಂದೆ ಸರಿದಳು. ಆ ಗೇಟು ದಾಟಿದರೆ ಹುಡುಗಿ ಮತ್ತೆ ಸಿಗುವುದಿಲ್ಲವೆಂದು ಭಾಗ್ಯಳಿಗೆ ಗೊತ್ತಿತ್ತು. ನಿಜ ಹೇಳಿದರೋ, ಸತ್ತವರ ತಲೆಗೆ ಚಪ್ಪಲಿಯೇ ಎಂದು ಮಹಾನಂದ ಬೀದಿಗೆ ಕೇಳುವಂತೆ ಕೂಗಾಡುತ್ತಾರೆ.

"ಅವಳ ಬ್ಯಾಗ್ ಮುಟ್ಬೇಡಿ ಚಿಕ್ಕಮ್ಮ. ನಾನೇ ಎತ್ತಿಟ್ಟಿದೀನಿ."

"ನೀನಾ? ಎಲ್ಲಿ?"

"ಅಮ್ಮನ ಜೊತೆಗೇ ಹೋಗತ್ತೆ."

"ಟೀಚರಾದ್ರೇನು, ಬುದ್ಧಿ ಬೀದೀದೇ!"

ಭಾಗ್ಯಳ ಕಿವಿ ಬಿಸಿಯಾಯಿತು. ಹೋಗಿ ಪೆಟ್ಟಿಗೆಯ ತಲೆಯ ಕಡೆ ನಿಂತಳು.

ಮಕ್ಕಳು ಹಾಡತೊಡಗಿದರು. ಮುಚ್ಚಳ ಹಿಡಿದ ಪಾಸ್ಟರ್ ಮನೋಹರ್ ತಡೆದು ನಿಂತರು. "ತಲೆ ಸ್ವಲ್ಪ ಮೇಲಾಗಿದೆಯಲ್ಲ, ದಿಂಬು ಸರಿಮಾಡ್ಲಾ?"

"ಬೇಡ ಪಾಸ್ಟರ್. ಹಾಗಿದ್ರೇನೇ ಅಮ್ಮಂಗೆ ನಿದ್ದೆ ಬರೋದು."

ಗೇಟಿನ ಬಳಿಯಿಂದ ಶಶಿ ಭಾಗ್ಯಳನ್ನೇ ನೋಡಿದಳು. ಮುಚ್ಚಳ ಕೂತಿತು.

ಸ್ಮಶಾನಕ್ಕೆ ಹೊರಟ ವ್ಯಾನಿನಲ್ಲಿ ಶಶಿ ತಾನಾಗಿಯೇ ಬಂದು ಭಾಗ್ಯಳಿಗೆ ಒತ್ತಿ ಕೂತಳು.

"ಅಕ್ಕಾ, ಸಂಜೆ ಅನ್ನಕ್ಕಿಡೋರು ಯಾರು?"

"ನಾವಿಬ್ರೂ."

ಮುಂದಿನ ಸೀಟಿನಿಂದ ಮಹಾನಂದ ತಿರುಗಿದರು. ಅತ್ತು ದನಿ ಇಳಿದಿತ್ತು. "ಈಗಾದ್ರೂ ಹೇಳೇ, ಎಲ್ಲಿಟ್ಟಿದೀಯ?"

ಭಾಗ್ಯ ಅವರ ಕೈಯನ್ನು ಮೆಲ್ಲಗೆ ಒತ್ತಿದಳು, ಅಷ್ಟೇ. ಇವರಿಗೂ ಇಲ್ಲ, ಪಾಸ್ಟರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಪಕ್ಕದಲ್ಲಿ ಶಶಿ, ಪೆಟ್ಟಿಗೆಯ ಮೇಲಿನ ಹಾರದಿಂದ ಉದುರಿದ ಸೇವಂತಿಗೆ ಎಸಳುಗಳನ್ನು ಒಂದೂ ಬಿಡದೆ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.